ಮಾಸ್ತರ ಮುಚ್ಚಿದ ತಗ್ಗು

"ಒಬ್ಬ ಮನುಷ್ಯ ಒಂದು ಓಣಿಯನ್ನು ಎರಡು ಸಲ ಮುಳುಗಿಸಿದ. ಮೊದಲ ಸಲ ಮಣ್ಣಿನಲ್ಲಿ ಮುಳುಗಿಸಿದ, ಅಲ್ಲಿ ಒಬ್ಬರ ಚಾಪೆಯೂ ತೋಯಲಿಲ್ಲ. ಎರಡನೆಯ ಸಲ ಆತ ತನ್ನ ಮನೆಯಲ್ಲಿ ಹೊದ್ದು ಮಲಗಿದ್ದ. ಎರಡು ಸಲಕ್ಕೂ ಬಳಸಿದ್ದು ತನ್ನ ಹಿಮ್ಮಡಿಯೊಂದನ್ನೇ. ಆತ ಯಾರು?"

ಮಠದ ಅಜ್ಜಾರು ಇಷ್ಟು ಕೇಳಿ ಕಂಬಕ್ಕೆ ಒರಗಿ ಕುಳಿತರು.

ಬೇರೆ ಊರುಗಳಿಂದ ಬಂದು ಕಟ್ಟೆಯ ಮೇಲೆ ಕೂತಿದ್ದ ಭಕ್ತರು ಮುಖ ಮುಖ ನೋಡಿಕೊಂಡರು. "ಭೀಮಸೇನ ಇರಬೇಕ್ರಿ," ಎಂದ ಒಬ್ಬ. "ಭೀಮಸೇನ ಹೊದ್ದು ಮಲಗಿದ್ರ ಊಟಕ್ಕ ಎಬ್ಬಸಾವ್ರು ಯಾರಲೇ?" ಎಂದ ಇನ್ನೊಬ್ಬ. ಎಲ್ಲರೂ ನಕ್ಕರು. ಚನ್ನಬಸಯ್ಯ ಮಾಸ್ತರನೂ ನಕ್ಕ. ನಗುವುದರಲ್ಲಿ ಆತ ಯಾವಾಗಲೂ ಮುಂದೆ. ಆದರೆ ಒಗಟು ಆತನಿಗೆ ಹಿಡಿಸಲಿಲ್ಲ. ತಾನು ನೆಟ್ಟಗೆ ಒಂದು ಪ್ರಶ್ನೆ ಕೇಳಿದರೆ ಅಜ್ಜಾರು ಅಡ್ಡಡ್ಡ ಒಗಟು ಒಗೆಯುವುದೇ?

ಆತ ಕೇಳಿದ್ದು ಇಷ್ಟೆ: "ಅಜ್ಜಾರ, ಮಾಸ್ತರ ಎಷ್ಟ ಚಂದಗೆ ಪಾಠ ಹೇಳಿದ್ರೂ ಒಂದೊಂದು ಕೂಸು ಸಾಲಿ ಬಿಟ್ಟ ಬಿಡ್ತೈತಿ. ಅದು ಯಾರ ತಪ್ಪರಿ?"

ಚನ್ನಬಸಯ್ಯ ಚಿಕ್ಕಂದಿನಿಂದ ಈ ಮಠದ ಶಿಷ್ಯ. ಈಗ ಊರ ಶಾಲೆಯಲ್ಲಿ ಏಳನೆಯ ಇಯತ್ತೆಗೆ ಭೂಗೋಳ ಹೇಳುತ್ತಿದ್ದ. ನಕಾಶೆ ಕಂಡರೆ ಸಾಕು, ಎಲ್ಲಿಂದಲೋ ಕೈಗೆ ಒಂದು ಕೋಲು ಬಂದುಬಿಡುತ್ತಿತ್ತು. ಭೂಮಧ್ಯರೇಖೆಯನ್ನು ತಾನೇ ನಿಂತು ಎಳೆಸಿದವನ ಹಾಗೆ ಮಾತನಾಡುತ್ತಿದ್ದ. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ತಾನು ಒಳ್ಳೆಯ ಮಾಸ್ತರ ಎಂದು ಆತ ನಂಬಿದ್ದ. ಮಕ್ಕಳೂ ಹಾಗೇ ನಂಬಿದ್ದರು.

"ಒಗಟು ಒಡೀಲಿಲ್ಲಂದ್ರ ಕತಿ ಕೇಳ್ರಿ," ಎಂದರು ಅಜ್ಜಾರು.

ಒಂದೂರಲ್ಲಿ ಒಬ್ಬ ಮಾಸ್ತರನಿದ್ದ. ಆತ ಪುಸ್ತಕದಲ್ಲಿಯ ನೆಲದ ಪಾಠಗಳನ್ನು ಮೊದಲು ಮುಗಿಸುತ್ತಿದ್ದ. ಬೆಟ್ಟ, ಕಣಿವೆ, ಇಳಿಜಾರು, ಹೊಳೆ. ಅವು ಮುಗಿದ ಮೇಲೆ ಜನರ ಪಾಠ. ಯಾರು ಎಲ್ಲಿ ಮನೆ ಕಟ್ಟುತ್ತಾರೆ, ಏನು ಬೆಳೆಯುತ್ತಾರೆ, ಏನು ಮಾಡಿ ಉಣ್ಣುತ್ತಾರೆ. ನೆಲದ ಪಾಠ ಹೇಳುವಾಗ ಜನರ ಮಾತು ತೆಗೆಯುತ್ತಿರಲಿಲ್ಲ. ಜನರ ಪಾಠ ಬರುವ ಹೊತ್ತಿಗೆ ಮಕ್ಕಳು ನೆಲವನ್ನು ಮರೆತಿರುತ್ತಿದ್ದರು.

ಆ ಶಾಲೆಯಲ್ಲಿ ಒಂದು ಪದ್ಧತಿ ಇತ್ತು. ಮಳೆಗಾಲದ ಮುಂಚೆ ಏಳನೆಯವರು ಬಯಲಲ್ಲಿ ತಮ್ಮ ಊರನ್ನೇ ಮಣ್ಣಿನಲ್ಲಿ ಮಾಡಬೇಕು. ಪ್ರತಿ ಮಗು ತನ್ನ ಮನೆಯ ಬಾಗಿಲ ಮುಂದಿನ ಮಣ್ಣನ್ನು ತಾನೇ ತಂದು ತನ್ನ ಓಣಿಯನ್ನು ಕಟ್ಟಬೇಕು. ಗುಡ್ಡದ ಕಡೆಯವರು ಕೆಂಪು ಮಣ್ಣು ತಂದರು. ಹೊಲದ ಕಡೆಯವರು ಕರಿ ಮಣ್ಣು ತಂದರು. ಒಬ್ಬ ಹುಡುಗಿ ಬೂದಿ ಬೆರೆತ ಮಣ್ಣು ತಂದಳು. ಆಕೆಯದು ಇಟ್ಟಿಗೆ ಸುಡುವವರ ಓಣಿ.

ಕಟ್ಟೆಯ ಮೇಲೆ ಚನ್ನಬಸಯ್ಯನ ನಗು ನಿಂತಿತು.

ಉಳಿದವರೆಲ್ಲ ಮಣ್ಣು ಒಟ್ಟಿ ಏರಿಸಿದರು. ಆ ಹುಡುಗಿ ಒಬ್ಬಳೇ ನೆಲ ತೋಡಿದಳು. ತೋಡಿದ ತಗ್ಗಿನಲ್ಲಿ ಮನೆಗಳನ್ನು ಇಟ್ಟಳು. ತನ್ನ ಮನೆಯ ಮೇಲೆ ಹುಂಜವೊಂದನ್ನೂ ಕೂರಿಸಿದಳು.

ಮಣ್ಣಿನ ಊರು ನೋಡಲು ಪಂಚಾಯ್ತಿ ಅಧ್ಯಕ್ಷ ಬಂದ. ಜೊತೆಗೆ ತಾಯಿತಂದೆಯರೂ ಬಂದರು. ಮಾಸ್ತರ ಹೊಸ ಅಂಗಿ ತೊಟ್ಟಿದ್ದ.

"ಎಲ್ಲಾರೂ ಏರಿಸ್ಯಾರ, ಇದೊಂದ್ಯಾಕ ತಗ್ಗು?" ಎಂದು ಅಧ್ಯಕ್ಷ ಕೇಳಿದ.

ಹುಡುಗಿ ಹೇಳಿದಳು, "ಊರಾನ ಮನೀಗೋಳೆಲ್ಲ ಇದರಾಗಿಂದ ಎದ್ದಾವ್ರಿ. ಈ ಸಾಲಿ ಗ್ವಾಡಿನೂ ಇಲ್ಲೀದ ಮಣ್ಣರಿ."

ಮಾಸ್ತರನಿಗೆ ಆ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಆತನ ಕಣ್ಣು ನೀರು ತುಂಬಿಟ್ಟ ಕೊಡದ ಮೇಲಿತ್ತು. ಗುಡ್ಡದ ನೆತ್ತಿಯಿಂದ ನೀರು ಸುರಿದರೆ ಅದು ಹಳ್ಳ ಹಿಡಿದು ಪೂರ್ವಕ್ಕೆ ಹರಿದು ಹೊಳೆ ಸೇರಬೇಕು. ಪಾಠದಲ್ಲಿ ಹಾಗೇ ಇತ್ತು. ಆತ ಎಲ್ಲರೆದುರು ಕೊಡ ಬಗ್ಗಿಸಿದ. ನೀರು ಹಳ್ಳ ಹಿಡಿಯಿತು. ಅರ್ಧ ದಾರಿ ಬಂದು, ಪಕ್ಕದ ದಡ ಕಿತ್ತುಕೊಂಡು, ಸೀದಾ ಆ ತಗ್ಗಿಗೆ ಇಳಿಯಿತು. ಹುಂಜ ತೇಲಿತು.

ಯಾರೋ ಕಿಸಕ್ಕೆಂದರು. ಮಾಸ್ತರನ ಕಿವಿ ಕೆಂಪಾಯಿತು. ಆತ ಬಲಗಾಲು ಎತ್ತಿ, ಹಿಮ್ಮಡಿಯಿಂದ ಮಣ್ಣು ಎಳೆದು, ತಗ್ಗನ್ನು ಮುಚ್ಚಿದ. ಮೇಲೆ ನಿಂತು ಮೆಟ್ಟಿದ. ಮತ್ತೊಂದು ಕೊಡ ಸುರಿದ. ನೀರು ಚಾಚೂ ತಪ್ಪದೆ ಪಾಠದ ಪ್ರಕಾರ ಹೊಳೆಗೆ ಹೋಯಿತು. ಜನ ಚಪ್ಪಾಳೆ ತಟ್ಟಿದರು.

ಹುಡುಗಿ ಹೇಳಿದಳು, "ಸರ, ನಮ್ಮನಿ ಮುಚ್ಚಿದ್ರಿ."

ಮಾಸ್ತರ ಹೇಳಿದ, "ಮನಿ ಅಲ್ಲವ್ವಾ, ನಿನ್ನ ತಪ್ಪ ಮುಚ್ಚೀನಿ."

ಎಲ್ಲರೂ ನಕ್ಕರು.

ಅಧ್ಯಕ್ಷ ಮಾತ್ರ ನಗಲಿಲ್ಲ. ಆತ ಮಾಸ್ತರನನ್ನು ಪಕ್ಕಕ್ಕೆ ಕರೆದು ಕೇಳಿದ, "ನೀರು ಖರೇನ ಅತ್ತಾಗ ತಿರುಗತೈತೇನ್ರಿ? ತಿರುಗತೈತಿ ಅಂದ್ರ ಮಳಿ ಹಿಡಿಯೂದ್ರಾಗ ಒಂದು ಒಡ್ಡು ಹಾಕಸ್ತೇನಿ." ಮಾಸ್ತರ ಹೇಳಿದ, "ಹುಡುಗ್ರ ಕೆಲಸರಿ, ಮಣ್ಣು ಕಚ್ಚಾ ಇತ್ತು. ಒಡ್ಡು ಯಾಕರಿ?"

ಅಜ್ಜಾರು ಇಲ್ಲಿ ಸ್ವಲ್ಪ ತಡೆದು ನೀರು ಕುಡಿದರು.

ಚನ್ನಬಸಯ್ಯ ಬಲಗಾಲನ್ನು ಮೆಲ್ಲಗೆ ಧೋತರದೊಳಗೆ ಎಳೆದುಕೊಂಡ. ಆ ಕತೆಯ ಮಾಸ್ತರ ಯಾರೆಂದು ಕಟ್ಟೆಯ ಮೇಲೆ ಇಬ್ಬರಿಗೇ ಗೊತ್ತಿತ್ತು. ಒಬ್ಬರು ಹೇಳುತ್ತಿದ್ದರು. ಇನ್ನೊಬ್ಬ ಬೆವರುತ್ತಿದ್ದ. ಅಜ್ಜಾರಿಗೆ ಇದೆಲ್ಲ ಹೇಗೆ ತಿಳಿಯಿತು ಎಂದು ಆತ ತಲೆ ಎತ್ತಿದ. ಮಠದ ಅಂಗಳದ ತುಂಬ ಕೌದಿಗಳನ್ನು ಒಣಹಾಕಿದ್ದರು. ಬರುವಾಗ ಅವನ್ನು ನೋಡಿ, ಮಠದಲ್ಲಿ ಹಬ್ಬದ ಮಡಿಯಿರಬೇಕು ಎಂದುಕೊಂಡಿದ್ದ. ಈಗ ನೋಡಿದರೆ ಒಂದೊಂದರ ಅಂಚಿನಲ್ಲೂ ಬೂದಿ ಬಣ್ಣದ ಕೆಸರು ಕಚ್ಚಿತ್ತು. ಮೊನ್ನೆಯ ಮಳೆಗೆ ನೀರು ನುಗ್ಗಿದಾಗ ಇಟ್ಟಿಗೆಯವರ ಓಣಿಯ ಜನ ಓಡಿ ಬಂದು ಹೊಕ್ಕಿದ್ದು ಈ ಮಠವನ್ನೇ.

ಕತೆ ಮುಂದುವರಿಯಿತು.

ಮಳೆ ಬಂತು. ಹಳ್ಳ ಅರ್ಧ ದಾರಿ ಬಂದು, ದಡ ಕಿತ್ತುಕೊಂಡು, ಇಟ್ಟಿಗೆಯವರ ಓಣಿಗೆ ಇಳಿಯಿತು. ಹುಡುಗಿ ತೋರಿಸಿದಂತೆಯೇ ಇಳಿಯಿತು. ಜೀವ ಹೋಗಲಿಲ್ಲ. ಸುಡಲು ಒಟ್ಟಿದ್ದ ಹಸಿ ಇಟ್ಟಿಗೆ ಕರಗಿ ಮತ್ತೆ ಮಣ್ಣಾಯಿತು. ಜೋಳ ನೆನೆಯಿತು. ಹುಡುಗಿಯ ಪುಸ್ತಕಗಳು ಮುದ್ದೆಯಾದವು. ಆಕೆಗೆ ಅಳು ಬಂದದ್ದು ಪುಸ್ತಕಕ್ಕಲ್ಲ. ಅಪ್ಪ ಕೇಳಿದ, "ನಿಮ್ಮ ಸಾಲ್ಯಾಗ ನೀರು ಯಾಕಡೆ ಹರೀತೈತಿ ಅಂತ ಹೇಳೂದಿಲ್ಲೇನು?" ಮರುದಿನದಿಂದ ಆಕೆ ಶಾಲೆಗೆ ಹೋಗಲಿಲ್ಲ.

ಹಾಜರಿ ಕೂಗುವಾಗ ಆಕೆಯ ಹೆಸರು ಬಂದರೆ ಮಾಸ್ತರ ಕೆಮ್ಮುತ್ತಿದ್ದ.

"ಅಯ್ಯ ಪಾಪ!" ಎಂದಳು ಕಟ್ಟೆಯ ತುದಿಯಲ್ಲಿದ್ದ ಮುದುಕಿ. "ಮುಂದೇನಾತ್ರಿ ಅಜ್ಜಾರ?"

ಅಜ್ಜಾರು ಕಣ್ಣು ಮುಚ್ಚಿ ಹೇಳಿದರು.

ಮುಂದೆ ಮಾಸ್ತರ ಕೆರವು ಕೈಯಲ್ಲಿ ಹಿಡಿದು ಆ ಓಣಿಗೆ ಇಳಿದ. ಮೊಣಕಾಲ ಮಟ್ಟ ಕೆಸರು. ಹುಡುಗಿಯ ಮನೆಯ ಮುಂದೆ ನಿಂತು ಎಲ್ಲರೂ ಕೇಳುವ ಹಾಗೆ ಹೇಳಿದ, "ತಂಗಿ, ನೀ ಮಾಡಿದ್ದ ಖರೆ. ನಾ ಮುಚ್ಚಿದ್ದ ಸುಳ್ಳು. ಸಾಲಿಗೆ ಬಾ, ಎಲ್ಲಾರಿಗೂ ನೀನ ತೋರಸು." ಆಕೆ ಬಂದಳು. ಮಕ್ಕಳು ನೋಡುತ್ತಿರುವಾಗ ಮಾಸ್ತರ ಆ ತಗ್ಗನ್ನು ತನ್ನ ಕೈಯಿಂದಲೇ ಮತ್ತೆ ತೋಡಿದ. ಆಮೇಲೆ ಪಂಚಾಯ್ತಿಗೆ ಹೋಗಿ, ಒಡ್ಡು ಬೇಡವೆಂದವನು ತಾನೇ ಎಂದು ಒಪ್ಪಿಕೊಂಡ. ಒಡ್ಡು ಎದ್ದಿತು.

ಕಟ್ಟೆಯ ಮೇಲಿನವರು ಉಸಿರು ಬಿಟ್ಟರು.

"ಏನರ ಅನ್ರಿ, ಮಾಸ್ತರ ದೊಡ್ಡ ಮನುಷ್ಯಾರಿ!" ಎಂದ ಭೀಮಸೇನನ ಹೆಸರು ಹೇಳಿದವನು.

"ಅಂಥಾ ಮಾಸ್ತರ ಸಿಗೂದು ಪುಣ್ಯ," ಎಂದಳು ಮುದುಕಿ. ಕೂತಲ್ಲೇ ಕೈ ಮುಗಿದಳು. ಮುಗಿದ ಕೈ ಅಕಸ್ಮಾತ್ತಾಗಿ ಚನ್ನಬಸಯ್ಯನ ಕಡೆಗೇ ಇತ್ತು.

ಬೈದಿದ್ದರೆ ಆತ ತಡೆದುಕೊಳ್ಳುತ್ತಿದ್ದ. ಏನಾದರೊಂದು ಹೇಳಿ ನಗಿಸಿ ಪಾರಾಗುತ್ತಿದ್ದ. ಮಾಡದ ಕೆಲಸಕ್ಕೆ ಮುಗಿದ ಕೈಯನ್ನು ಹೇಗೆ ತಡೆದುಕೊಳ್ಳುವುದು? ಆತ ಎದ್ದು ನಿಂತ.

"ಇಲ್ರಿ ಅಜ್ಜಾರ! ಆಂವ ಹೋಗಿಲ್ರಿ. ಆ ಓಣಿ ಮುಂದ ಹಾಯಬೇಕಾಗ್ತೈತಿ ಅಂತ ಸುತ್ತ ಹಾಕಿ ಸಾಲಿಗೆ ಹೋಗತಾನ್ರಿ."

ಮುದುಕಿಯ ಕೈ ಕೆಳಗಿಳಿಯಿತು. ಎಲ್ಲರೂ ಆತನ ಮುಖ ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ಆತನ ಬಲಗಾಲನ್ನು ನೋಡಿದರು. ಚನ್ನಬಸಯ್ಯ ತಲೆ ತಗ್ಗಿಸಿ ನಿಂತ.

ಅಜ್ಜಾರು ಹೇಳಿದರು, "ಹೌದಪ, ಕೊನಿ ಅಷ್ಟು ನಾನ ಕಟ್ಟಿ ಹೇಳೀನಿ, ಅದನ್ನ ಖರೆ ಮಾಡೋ ಕಾಲು ನನ್ನವಲ್ಲ."