ಅಡಿಗೆಭಟ್ಟನ ಕೈಗುಣ

ಶಿಷ್ಯ ಕೇಳಿದ: "ಗುರುಗಳೇ, ಪ್ರೋಗ್ರಾಮನ್ನು ಕಟ್ಟಿಕೊಡುವ ಒಂದು ಬಿಲ್ಡ್ ಸ್ಕ್ರಿಪ್ಟ್ ಬರೆದೆ. ನನ್ನ ಕಂಪ್ಯೂಟರಿನಲ್ಲಿ ಸರಾಗವಾಗಿ ಓಡುತ್ತದೆ. ಗೆಳೆಯನ ಕಂಪ್ಯೂಟರಿನಲ್ಲಿ ತುಟಿ ಪಿಟಕ್ಕೆನ್ನದೆ ಕೆಟ್ಟ ಪ್ರೋಗ್ರಾಮನ್ನು ಕಟ್ಟಿತು. ಓಡಿಸುವಾಗ ಬರೆದು ಕೊಡಬೇಕಾದ ಸೂಚನೆಗಳನ್ನು, ಅಂದರೆ ಆರ್ಗ್ಯುಮೆಂಟುಗಳನ್ನೆಲ್ಲ ಅವನು ಕೊಟ್ಟಿದ್ದಾನೆ. ತಪ್ಪು ಅವನದೆಂದು ಎಲ್ಲರ ಮುಂದೆ ಹೇಳಿಬಿಡಲೇ?"

"ಹೇಳುವೆಯಂತೆ, ಅವಸರವೇನು? ಮೊದಲು ಇದನ್ನು ಕೇಳು" ಎಂದು ಗುರುಗಳು ಕತೆ ತೆಗೆದರು.

ಒಬ್ಬ ಅಡಿಗೆಭಟ್ಟನಿದ್ದ. ಅವನ ಮನೆಯ ಹುಳಿ ಉಂಡವರು ಎಲೆ ಬಿಟ್ಟು ಏಳುತ್ತಿರಲಿಲ್ಲ. ಎಲ್ಲವೂ ತನ್ನ ಕೈಗುಣ ಎಂದು ಅವನು ನಂಬಿದ್ದ. ಬೇಳೆ ಬೇಯಿಸುವುದು ಹೆಂಡತಿಯ ಕೆಲಸ. ಬೆಂದ ಮೇಲೆ ಅವಳು ಉಪ್ಪು ಬೆರೆಸಿ ಹೋಗುತ್ತಿದ್ದಳು. ಆಮೇಲೆ ಭಟ್ಟ ಬಂದು ಹುಣಿಸೆ, ಬೆಲ್ಲ, ಪುಡಿ ಹಾಕಿ ಕುದಿಸಿ ಒಗ್ಗರಣೆ ಕೊಡುತ್ತಿದ್ದ. ಉಪ್ಪಿನ ಮಾತು ಅವಳೂ ಎತ್ತಲಿಲ್ಲ, ಇವನೂ ಕೇಳಲಿಲ್ಲ. ಸಂಸಾರ ಸುಖವಾಗಿತ್ತು.

ಪಕ್ಕದೂರಿನ ವ್ಯಾಪಾರಿಯೊಬ್ಬ ಮಗಳ ಮದುವೆಗೆ ಅವನನ್ನು ಕರೆಸಿದ. ಬೀಗರು ಸಣ್ಣ ಕೊರತೆಗೂ ಮುನಿಯುವವರು, ಮಾನ ಉಳಿಸಬೇಕು ಎಂದು ಬೇಡಿಕೊಂಡ. ಎಷ್ಟು ಜನ, ಯಾವ ತರಕಾರಿ, ಖಾರ ಎಷ್ಟು, ಎಲ್ಲವನ್ನೂ ಹೇಳಿದ. ಬೇಳೆಯನ್ನು ಆ ಮನೆಯವರು ಬೇಯಿಸಿಕೊಟ್ಟರು. ಉಪ್ಪು ಭಟ್ಟರ ಪಾಲಿನದು ಎಂದುಕೊಂಡರು. ವ್ಯಾಪಾರಿ ಹೇಳಿದ್ದನ್ನೆಲ್ಲ ಭಟ್ಟ ಚಾಚೂ ತಪ್ಪದೆ ಮಾಡಿದ. ನೈವೇದ್ಯಕ್ಕೆ ಮೊದಲು ರುಚಿ ನೋಡುವಂತಿಲ್ಲ, ಹಾಗಾಗಿ ನೋಡಲಿಲ್ಲ. ದೇವರು ಸುಮ್ಮನಿದ್ದ, ಬೀಗರು ಸುಮ್ಮನಿರಲಿಲ್ಲ. ಹುಳಿಗೆ ಉಪ್ಪೇ ಇಲ್ಲವೆಂದು ವರನ ತಂದೆ ಮೊದಲ ತುತ್ತಿಗೇ ಏಳಹೊರಟ. ವ್ಯಾಪಾರಿ ಅವನ ಕಾಲು ಹಿಡಿದು, ಎಲೆಯ ತುದಿಗೆ ಬಡಿಸಿದ್ದ ಉಪ್ಪನ್ನೇ ಕಲಸಿಕೊಳ್ಳಿ ಎಂದು ಅತ್ತ. ಮದುವೆ ಉಳಿಯಿತು, ಮಾನ ಉಳಿಯಲಿಲ್ಲ. ಭಟ್ಟ ಮಾತ್ರ, ನಮ್ಮ ಮನೆಯಲ್ಲಿ ಸರಿಯಾಗಿಯೇ ಆಗುತ್ತದೆ, ನಿಮ್ಮೂರಿನ ನೀರೇ ಸಪ್ಪೆ ಎಂದ. ಕುಣಿಯಲಾರದವಳಿಗೆ ನೆಲ ಡೊಂಕು.

ದಾರಿಯಲ್ಲಿ ಅವನಿಗೆ ಬುದ್ಧಿ ಬಂತು, ಆದರೆ ಅರ್ಧ. ಇನ್ನು ಮೇಲೆ ಉಪ್ಪನ್ನು ನಾನೇ ಹಾಕುವೆನೆಂದು ನಿಶ್ಚಯಿಸಿ, ಮನೆಗೆ ಬಂದು ಹಾಗೆಯೇ ಮಾಡಿದ. ಅಂದು ಊಟಕ್ಕೆ ಬಂದಿದ್ದ ಮಾವ ಒಂದು ತುತ್ತು ಉಂಡು ಒಂದು ಚೊಂಬು ನೀರು ಕುಡಿದ.

ಹೆಂಡತಿ ಕೇಳಿದಳು: "ಉಪ್ಪು ಬಿದ್ದಿದೆಯೋ ಇಲ್ಲವೋ ಅಂತ ಒಂದು ಮಾತು ಕೇಳಬಾರದಿತ್ತೇ? ಬಾಯಲ್ಲಿ ಕಡುಬಿತ್ತೇ?"

ಅಂದಿನಿಂದ ಭಟ್ಟ ಎಲ್ಲಿಗೆ ಹೋದರೂ ಮೊದಲು ಅದನ್ನು ಕೇಳುವನು. ಉತ್ತರ ಬಾರದಿದ್ದರೆ ಒಲೆ ಹಚ್ಚನು.

ಶಿಷ್ಯ ಉತ್ಸಾಹದಿಂದ ಎದ್ದು ನಿಂತ. "ಅರ್ಥವಾಯಿತು ಗುರುಗಳೇ. ಬಾಯಿಬಿಟ್ಟು ಹೇಳಿದ್ದು ಆರ್ಗ್ಯುಮೆಂಟು, ಹೇಳದೆಯೇ ಮನೆಯಲ್ಲಿ ಬಿದ್ದಿರುವ ಉಪ್ಪು ಕಂಪ್ಯೂಟರಿನಲ್ಲಿ ಮೊದಲೇ ಹೊಂದಿಸಿಟ್ಟಿರುವ ಎನ್ವಿರಾನ್‌ಮೆಂಟ್ ವೇರಿಯಬಲ್. ಅದು ಇಲ್ಲದಿದ್ದರೆ ಸ್ಕ್ರಿಪ್ಟ್ ಅಲ್ಲೇ ನಿಂತು ಕೇಳುವಂತೆ ತಿದ್ದುತ್ತೇನೆ. ನನ್ನ ಕಂಪ್ಯೂಟರಿನಲ್ಲಿ ಏನೇನು ಬಿದ್ದಿದೆಯೆಂದು ಯಾರನ್ನು ಕೇಳಲಿ?"

ಗುರುಗಳು ಹೇಳಿದರು: "ಭಟ್ಟನಿಗೆ ಕೇಳಲು ಹೆಂಡತಿಯಿದ್ದಳು, ನಿನ್ನ ಕಂಪ್ಯೂಟರಿನಲ್ಲಿ ಉಪ್ಪು ಹಾಕಿ ಮರೆತವನು ನೀನೇ."