ಕುಂಕುಮ ಮೆತ್ತಿದ ಸಿಂತಸೈಜರ್

"ಕೇಳ್ರಪ್ಪೋ ಕೇಳಿ. ನಾಡಿನ ಸಿಂತಸೈಜರುಗಳೆಲ್ಲ ಇವತ್ತಿನಿಂದ ಅರಮನೆಯ ಸೊತ್ತು. ಬೇಕು ಅನ್ನುವವರು ದೊರೆಯ ಮೂರು ಒಗಟು ಬಿಡಿಸಿ, ಬೇಕಾದಷ್ಟು ಹೊತ್ತುಕೊಂಡು ಹೋಗಬಹುದು. ಉತ್ತರ ತಪ್ಪಿದರೆ ತಲೆದಂಡ."

ಈ ಡಂಗುರ ಕೇಳಿ ಸಣ್ಣತಾಯಿಯ ಮೈಯೆಲ್ಲ ಉರಿದುಹೋಯಿತು. ಮನೆಯ ಹಿತ್ತಿಲ ಕೋಣೆಯೇ ಅವಳ ಸ್ಟುಡಿಯೋ. ಅಲ್ಲಿದ್ದದ್ದು ಒಂದೇ ಒಂದು ಸಿಂತಸೈಜರ್, ಕೀಲಿ ಒತ್ತಿ ಗುಂಡಿ ತಿರುಗಿಸಿ ಬಗೆಬಗೆಯ ದನಿ ಹೊರಡಿಸುವ ವಿದ್ಯುತ್ ವಾದ್ಯ. ಮದುವೆ, ನಾಮಕರಣಗಳಿಗೆ ಅದರಲ್ಲೇ ಹಾಡು ಕಟ್ಟಿಕೊಟ್ಟು ತಾಯಿಮಗಳು ಉಣ್ಣುತ್ತಿದ್ದರು. ಭಟರು ಬೆಳಿಗ್ಗೆಯೇ ಬಂದು ಅದನ್ನು ಕಿತ್ತುಕೊಂಡು ಹೋಗಿದ್ದರು.

ಹೋಗಲಿ, ಆ ದೊರೆ ಶೂರಪಾಲ ವರ್ಷಗಳಿಂದ ಕೊಂಡು ಕೂಡಿಟ್ಟದ್ದನ್ನಾದರೂ ನುಡಿಸುತ್ತಿದ್ದನೇ ಅಂದರೆ ಅದೂ ಇಲ್ಲ. ಉಗ್ರಾಣದಲ್ಲಿ ಸಾಲಾಗಿ ಇಡಿಸುವುದು, ಆಯುಧಪೂಜೆಯ ದಿನ ಕತ್ತಿ ಗುರಾಣಿಗಳ ಜೊತೆ ಅವಕ್ಕೂ ಅರಿಸಿನ ಕುಂಕುಮ ಮೆತ್ತಿ ಆರತಿ ಎತ್ತುವುದು, ಬಾಗಿಲು ಹಾಕುವುದು, ಇಷ್ಟೇ. ಪೂಜೆಯಾದ ಆಯುಧವನ್ನು ಕಂಡಕಂಡವರು ಮುಟ್ಟಬಾರದಂತೆ. ಎಂಥ ಭಕ್ತಿಯೋ, ಅದರ ಮನೆ ಹಾಳಾಗ.

"ಹೋಗಬೇಡ ಕಣೇ, ತಲೆ ಹೋದೀತು" ಎಂದು ತಾಯಿ ಸೆರಗು ಹಿಡಿದಳು.

"ದುಡಿಯೋ ಕೈ ಕಟ್ಟಿಹಾಕಿದ ಮೇಲೆ ತಲೆ ಇಟ್ಟುಕೊಂಡು ಏನು ಮಾಡಲಿ, ಅವ್ವಾ?" ಎಂದು ಸಣ್ಣತಾಯಿ ಹೊರಟೇಬಿಟ್ಟಳು.

ಆಸ್ಥಾನದಲ್ಲಿ ಅವಳಿಗಿಂತ ಮುಂದೆ ದಳವಾಯಿಯ ಮಗನೂ ಒಬ್ಬ ಸಾಹುಕಾರನೂ ನಿಂತಿದ್ದರು. ದೊರೆ ಮೊದಲನೆಯ ಒಗಟು ಹಾಕಿದ.

"ಅವನು ಒಂದು ಸಲಕ್ಕೆ ಒಂದೇ ಸ್ವರ ನುಡಿಯುತ್ತಾನೆ. ಸುಮ್ಮನಾದರೆ ಹಾಡಿನ ನೆಲವೇ ಕುಸಿಯುತ್ತದೆ. ಯಾರವನು?"

"ತಮ್ಮ ಆಸ್ಥಾನಗಾಯಕರು" ಎಂದ ದಳವಾಯಿಯ ಮಗ. ಭಟರು ಅವನ ರಟ್ಟೆ ಹಿಡಿದು ಸೆರೆಮನೆಗೆ ಎಳೆದೊಯ್ದರು. ಸಾಹುಕಾರ ಎರಡು ಹೆಜ್ಜೆ ಹಿಂದೆ ಸರಿದ.

"ಬೇಸ್ ನುಡಿಸುವ ಸಿಂತಸೈಜರ್" ಎಂದಳು ಸಣ್ಣತಾಯಿ. "ತಳದ ದನಿ ಒಂದೊಂದೇ ಸ್ವರವಾಗಿ ಬಂದರೂ ಹಾಡೆಲ್ಲ ಅದರ ಮೇಲೆ ನಿಂತಿರುತ್ತದೆ."

ದೊರೆ ಹೌದೆಂದು ತಲೆಯಾಡಿಸಿದ. "ಹತ್ತು ಬೆರಳಿಟ್ಟರೆ ಹತ್ತು ಜನ ಒಟ್ಟಿಗೆ ದನಿ ಎತ್ತುವ ಮನೆ. ಒಬ್ಬರ ಮಾತನ್ನೂ ಇನ್ನೊಬ್ಬರು ತುಂಡರಿಸುವುದಿಲ್ಲ. ಯಾವುದದು?"

"ತಮ್ಮ ಮಂತ್ರಿಸಭೆ, ಪ್ರಭು" ಎಂದು ಸಾಹುಕಾರ ಹಲ್ಲು ಕಿರಿದ. ಮಂತ್ರಿಗಳಿಗೇ ನಗು ಬಂತು. ಅವನನ್ನೂ ಎಳೆದೊಯ್ದರು.

"ಹಲವು ಸ್ವರ ಒಟ್ಟಿಗೆ ನುಡಿಸುವ ಸಿಂತಸೈಜರ್. ನನ್ನ ಮನೆಯಿಂದ ನೀವು ಕಿತ್ತು ತಂದದ್ದು ಅಂಥದ್ದೇ" ಎಂದಳು ಅವಳು.

ದೊರೆಯ ಮುಖ ಗಂಟಿಕ್ಕಿತು. "ಕೊನೆಯದು. ಅಂಗಡಿಯಲ್ಲಿ ಸಿಗುವುದಿಲ್ಲ, ಭಟರನ್ನು ಕಳಿಸಿ ತರಿಸುವುದಕ್ಕೂ ಆಗುವುದಿಲ್ಲ. ಅದಿಲ್ಲದಿದ್ದರೆ ಉಗ್ರಾಣ ತುಂಬಿದ್ದರೂ ಸಂಗೀತವಿಲ್ಲ. ಏನದು?"

ಸಣ್ಣತಾಯಿಗೆ ತಟ್ಟನೆ ಹೊಳೆಯಲಿಲ್ಲ. ಮನೆಯಲ್ಲಿ ಕಾಯುತ್ತಿದ್ದ ಅವ್ವ ನೆನಪಾದಳು. ಅತ್ತಿತ್ತ ನೋಡಿದರೆ ಪಕ್ಕದಲ್ಲೇ ತೆರೆದಿದ್ದ ಉಗ್ರಾಣದ ಮುಂದಿನ ಸಾಲಿನಲ್ಲೇ ಅವಳ ಸಿಂತಸೈಜರ್. ಅವತ್ತೇ ಆಯುಧಪೂಜೆ, ಆಗಲೇ ಆರತಿ ಮುಗಿಸಿದ್ದರು, ಕೀಲಿಗಳ ಸಂದಿಯಲ್ಲೆಲ್ಲ ಕುಂಕುಮ. ಅವಳು ತಿರುಗಿಸಿ ತಿರುಗಿಸಿ ಸವೆದ ಗುಂಡಿಗಳು ಮಾತ್ರ ದೊರೆ ಕೊಂಡಿಟ್ಟ ಹೊಸ ಯಂತ್ರಗಳ ನಡುವೆ ಎದ್ದು ಕಾಣುತ್ತಿದ್ದವು. ಅವಳು ತನ್ನ ಬೆರಳು ನೋಡಿಕೊಂಡಳು.

"ಪಳಗಿದ ಕೈ" ಎಂದಳು.

"ಸರಿ" ಎಂದ ದೊರೆ. "ನುಡಿಸುತ್ತಿದ್ದ ನಮ್ಮಜ್ಜಿ ಹೇಳಿಕೊಟ್ಟ ಉತ್ತರವೂ ಅದೇ."

ಅವಳ ಸಿಟ್ಟು ನೆತ್ತಿಗೇರಿತು. "ಹಾಗಾದರೆ ಗೊತ್ತಿತ್ತು ನಿಮಗೆ. ಗೊತ್ತಿದ್ದೂ ಪಳಗಿದವರ ಕೈಯಿಂದ ಕಿತ್ತು ತಂದು, ಕುಂಕುಮ ಸುರಿದು ಕೆಡಿಸಿದಿರಿ. ಅಜ್ಜಿಯ ಮಾತನ್ನು ಬಾಯಿಪಾಠ ಮಾಡಿದಿರೇ ಹೊರತು ಒಂದು ದಿನವಾದರೂ ಯೋಚನೆ ಮಾಡಿದಿರಾ?"

ದೊರೆ ತಗ್ಗಿದ ದನಿಯಲ್ಲಿ, "ಬೇಕಾದಷ್ಟು ತಗೊಳ್ಳಮ್ಮ. ಗಾಡಿ ತುಂಬಿಸಿ ಕಳಿಸುತ್ತೇನೆ" ಎಂದ.

"ನನ್ನದೊಂದು, ಬೇಸ್ ನುಡಿಸೋದಕ್ಕೆ ಒಂದು. ಎರಡು ಸಾಕು. ಮೂರನೆಯದನ್ನು ಮನೆಯಿಂದಲೇ ತಂದಿದ್ದೇನೆ" ಎಂದು ಅವಳು ಕೈ ತೋರಿಸಿದಳು. "ಜನರಿಂದ ಕಿತ್ತು ತಂದ ಉಳಿದವನ್ನು ಅವರವರ ಮನೆಗೆ ಮುಟ್ಟಿಸಿ. ಆ ಇಬ್ಬರನ್ನೂ ಬಿಟ್ಟುಬಿಡಿ, ಒಗಟು ಬಿಡಿಸಲು ಬಾರದಿದ್ದರೆ ಸಾಯಿಸುತ್ತಾರೇನು?"

ದೊರೆ ಒಪ್ಪಿದ. ಆದರೆ ಅವಳು ಹೊರಡಲಿಲ್ಲ. ಒಂದು ಸಣ್ಣ ಕುಂಚ ತರಿಸಿ ಅವನ ಕೈಗೇ ಕೊಟ್ಟಳು. ಕೀಲಿಗಳ ಸಂದಿಯ ಕುಂಕುಮವನ್ನೆಲ್ಲ ದೊರೆ ಉಗ್ರಾಣದಲ್ಲೇ ಕೂತು ತೆಗೆಯುವವರೆಗೂ ಎದುರಿಗೇ ನಿಂತಿದ್ದಳು. ಕೆಲಸ ಮುಗಿಯುವ ಹೊತ್ತಿಗೆ ಪರೀಕ್ಷಿಸಲೆಂದು ಅವಳು ಯಂತ್ರ ಚಾಲೂ ಮಾಡಿದಳು, ಅವನ ಬೆರಳು ತಪ್ಪಿ ಒಂದು ಕೀಲಿಗೆ ತಗುಲಿ ಸ್ವರ ಹೊರಟಿತು. ದೊರೆ ಬೆಚ್ಚಿದ. ಅಷ್ಟು ವರ್ಷಗಳಲ್ಲಿ ಆ ಉಗ್ರಾಣದೊಳಗೆ ಕೇಳಿದ ಮೊದಲ ಸ್ವರ ಅದು.

ಅವಳು ಅಲ್ಲಿ ಹಿತ್ತಿಲ ಕೋಣೆಯಲ್ಲಿ ಹಾಡು ಕಟ್ಟಲು ಕೂತಳು. ನಾವಿನ್ನು ಊಟಕ್ಕೆ ಏಳೋಣ.