ಮಂಚವ್ವ ಕಟ್ಟಿದ ಬಯಲೊಲೆ

ಬಹಳ ಹಿಂದೆ ಒಂದೂರಿತ್ತು. ಎಷ್ಟು ಹಿಂದೆ ಎಂದು ನನ್ನನ್ನು ಕೇಳಬೇಡಿ. ನಮ್ಮಜ್ಜಿ ಅವಳಜ್ಜಿಯಿಂದ ಕೇಳಿದ್ದು, ಆ ಅಜ್ಜಿಗೆ ಯಾರು ಹೇಳಿದ್ದರೋ ಯಾರಿಗೆ ಗೊತ್ತು. ಘಟ್ಟದ ನೆತ್ತಿಯ ಮೇಲಿದ್ದ ಆ ಊರಿನ ಹೆಸರು ಗಾಳಿಮಟ್ಟಿ. ಮರವಿಲ್ಲ, ಮರೆಯಿಲ್ಲ, ಬರೀ ಹುಲ್ಲುಗುಡ್ಡ. ಪುಷ್ಯಮಾಸದಲ್ಲಿ ಮೂಡಗಾಳಿ ಬೀಸಿದರೆ ಹೊರಗಿಟ್ಟ ಕೊಡದ ನೀರಿನ ಮೇಲೆ ಮಂಜುಗಡ್ಡೆಯ ಕೆನೆ ಕಟ್ಟುತ್ತಿತ್ತಂತೆ. ನೀವು ನಗುತ್ತೀರಿ. ನಾನೂ ನಕ್ಕಿದ್ದೆ. ಆಮೇಲೆ ಒಂದು ಪುಷ್ಯದಲ್ಲಿ ಅಲ್ಲಿ ಹೋಗಿ ನಿಂತು ಬಂದೆ, ಈಗ ನಗುವುದಿಲ್ಲ.

ಆ ಊರಲ್ಲಿ ಮಂಚವ್ವ ಎಂಬುವಳಿದ್ದಳು. ಮನೆಮನೆಗೆ ಹೋಗಿ ಒಲೆ ಹಾಕಿಕೊಡುವುದು ಅವಳ ಕೆಲಸ. ಮೂರು ಒಲೆಗುಂಡು ಹೂಡಿ, ಮಣ್ಣು ಮೆತ್ತಿ, ಸಾರಿಸಿ ಎದ್ದಳೆಂದರೆ ಆ ಒಲೆ ಹೊಗೆ ಕಾರುತ್ತಿರಲಿಲ್ಲವಂತೆ. ಒಂದು ಹಿಡಿ ಪುರಲೆಕಡ್ಡಿಯಲ್ಲಿ ಮದುವೆಯ ಅಡಿಗೆ ಆಗುತ್ತಿತ್ತಂತೆ. ಮದುವೆಯ ಅಡಿಗೆ ಅನ್ನೋದು ಸ್ವಲ್ಪ ಜಾಸ್ತಿಯಾಯಿತು, ಆದರೆ ಹೇಳುವವರ ಬಾಯಿ ಹಿಡಿಯೋದು ಯಾರು? ಗಂಡ ಸತ್ತು ಬಹಳ ಕಾಲವಾಗಿತ್ತು. ಇದ್ದವಳು ಒಬ್ಬಳೇ ಮಗಳು, ಹೊನ್ನಿ. ಅವಳನ್ನು ಘಟ್ಟದ ಕೆಳಗಿನ ಊರಿಗೆ ಕೊಟ್ಟಿದ್ದಳು.

ಪುಷ್ಯ ಹುಟ್ಟಿದ ವಾರ ಮಂಚವ್ವ ಸಗಣಿ ಆಯಲು ದಾರಿಯ ಕಡೆ ಹೋದಳು. ಅಲ್ಲಿ ಉಪ್ಪಿನ ಹೇರು ಹೊತ್ತ ಎತ್ತೊಂದು ನಿಂತಿತ್ತು, ಪಕ್ಕದಲ್ಲಿ ಅದರ ಯಜಮಾನ ಮಂಡಿ ಅಪ್ಪಿಕೊಂಡು ಕೂತಿದ್ದ. ಎದುರಿಗೆ ನಾಲ್ಕು ಕರಿಕಡ್ಡಿ. ಬೆಂಕಿ ಹಚ್ಚಿದ್ದಾನೆ, ಗಾಳಿ ಅದನ್ನು ಬಾಚಿಕೊಂಡು ಹೋಗಿದೆ. ಮಂಚವ್ವ ಅವನ ಕೈ ಮುಟ್ಟಿದಳು. ಜೀವ ಹೋಗಿತ್ತು. ಊರು ಕೂಗಳತೆಯಲ್ಲಿತ್ತು, ಮಂಜಿನಲ್ಲಿ ಅವನಿಗೆ ಅದು ಕಂಡಿರಲಿಲ್ಲ.

ಅದಾಗಿ ಮೂರು ದಿನಕ್ಕೆ ಕೆಳಗಿನಿಂದ ಸುದ್ದಿ ಬಂತು. ಹೊನ್ನಿ ಬಸುರಿ, ಅಮಾವಾಸ್ಯೆ ಕಳೆದ ಮೂರನೆಯ ದಿನಕ್ಕೆ ಮೈದುನನ ಜೊತೆ ಹೊರಟು ಬರುತ್ತಾಳೆ ಎಂದು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು, ಬೇಡ ಅನ್ನುವ ಹಾಗಿಲ್ಲ. ಬೆಳಗಿನ ಜಾವ ಹೊರಟರೂ ಬಸುರಿ ಹೆಂಗಸು ನೆತ್ತಿ ಮುಟ್ಟುವಾಗ ಸಂಜೆ. ಮಂಚವ್ವನಿಗೆ ಅನ್ನ ಇಳಿಯಲಿಲ್ಲ. ಕಣ್ಣು ಮುಚ್ಚಿದರೆ ಆ ಉಪ್ಪಿನವನ ಕೈ.

ಘಟ್ಟದ ತಲೆಯಲ್ಲಿ ಗಾಳಿಗೆ ಜಗ್ಗದ ಒಲೆಯೊಂದನ್ನು ಕಟ್ಟೋಣ, ದಾರಿಹೋಕರು ಕೂತು ಮೈ ಕಾಯಿಸಿಕೊಳ್ಳಲಿ ಎಂದು ಅವಳು ಊರವರನ್ನು ಕೇಳಿದಳು. ಊರವರೂ ಒಪ್ಪಿದರು. ಒಳ್ಳೆಯ ಕೆಲಸಕ್ಕೆ ಒಳ್ಳೆಯ ಕಲ್ಲೇ ಬೇಕು, ಊರದೇವತೆ ಅಮ್ಮನ ಹಳ್ಳದ ಕಲ್ಲೇ ಮಡಿ ಎಂದರು. ಅಮ್ಮನಿಗೆ ಕೈಮುಗಿದು ನೀರಿನೊಳಗಿನ ನುಣ್ಣನೆಯ ಕಲ್ಲುಗಳನ್ನು ಎತ್ತಿ ತಂದರು. ಮಂಚವ್ವನೂ ಹೂಂ ಅಂದಳು. ತಪ್ಪು ಅವಳದೂ ಹೌದು, ಅದನ್ನು ಮುಚ್ಚಿಟ್ಟು ಕತೆ ಹೇಳಬಾರದು. ಕಟ್ಟಿ ಮುಗಿದ ದಿನವೇ ಕಾಯಿ ಒಡೆದು ಆಳೆತ್ತರ ಬೆಂಕಿ ಹಾಕಿದರು. ಸ್ವಲ್ಪ ಹೊತ್ತಿಗೆ ಕಲ್ಲುಗಳು ಢಂ ಢಂ ಎಂದು ಸಿಡಿದವು. ಒಂದು ಚೂರು ಬಂದು ಮಂಚವ್ವನ ಎಡಗಣ್ಣಿಗೆ ಬಡಿಯಿತು.

ಅಮ್ಮ ಮುನಿದಳು ಎಂದಿತು ಊರು. ಇನ್ನು ಅಲ್ಲಿ ಯಾರೂ ಕಲ್ಲಿನ ಮೇಲೆ ಕಲ್ಲಿಡಕೂಡದು ಎಂದು ಗೌಡ ಹೇಳಿದ.

ಮಂಚವ್ವ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಎರಡು ದಿನ ಮಲಗಿದಳು. ಉಳಿದ ಒಂದು ಕಣ್ಣಿಗೆ ಕಾಣುತ್ತಿದ್ದದ್ದು ಅವಳದೇ ಒಲೆ. ಮೂವತ್ತು ವರ್ಷದಿಂದ ಬೆಂಕಿ ತಿಂದ ಮೂರು ಗುಂಡು, ಒಂದು ದಿನವೂ ಬಿರುಕು ಬಿಟ್ಟಿರಲಿಲ್ಲ. ನೋಡುತ್ತಾ ನೋಡುತ್ತಾ ಅವಳಿಗೆ ಹೊಳೆಯಿತಂತೆ. ಗೌಡನ ಬಳಿ ಹೋಗಿ, ಹುಟ್ಟಿದಾರಭ್ಯ ನೀರು ಕುಡಿದ ಕಲ್ಲು ಕಾದರೆ ಆ ನೀರು ಎಲ್ಲಿಗೆ ಹೋಗಬೇಕು, ಅದಕ್ಕೇ ಸಿಡಿಯಿತು, ಅಮ್ಮನ ಮುನಿಸೂ ಅಲ್ಲ ಏನೂ ಅಲ್ಲ ಎಂದಳು.

“ನೀರು ಕುಡಿಯೋ ಕಲ್ಲನ್ನ ಯಾರು ಕಂಡವ್ರೆ ಮಂಚವ್ವಾ? ಸುಮ್ನೆ ಮನೇಲಿರು,” ಅಂದ ಗೌಡ.

ಅವಳು ಸುಮ್ಮನಿರಲಿಲ್ಲ. ಬೆಂಕಿ ಪಳಗಿಸಿದ ಕಲ್ಲು ಬೇಕು, ಮನೆಗೊಂದು ಒಲೆಗುಂಡು ಕೊಡಿ ಎಂದು ಬಾಗಿಲು ಬಾಗಿಲು ಸುತ್ತಿದಳು. ಒಲೆಗುಂಡು ಹೊಸಲು ದಾಟಿದರೆ ಮನೆಯ ಭಾಗ್ಯವೂ ದಾಟುತ್ತದೆ ಎಂಬ ನಂಬಿಕೆ ಆ ಊರಿನದು. ಯಾರೂ ಕೊಡಲಿಲ್ಲ. ಮಂಚವ್ವ ಮನೆಗೆ ಬಂದು ಹಾರೆ ತೆಗೆದುಕೊಂಡು ತನ್ನ ಒಲೆಯನ್ನೇ ಕಿತ್ತಳು. ಮೂರು ಗುಂಡನ್ನೂ ಒಂದೊಂದಾಗಿ ಸೊಂಟಕ್ಕೆ ಒತ್ತಿಕೊಂಡು ಹೊತ್ತಳು.

ಇದನ್ನು ಗೌಡನ ತಾಯಿ ಕೆಂಪಜ್ಜಿ ಜಗಲಿಯಿಂದ ನೋಡುತ್ತಿದ್ದಳು. ಅವಳೂ ಒಬ್ಬ ಮಗಳನ್ನು ಘಟ್ಟದ ಕೆಳಗೆ ಕೊಟ್ಟಿದ್ದಳು. ಆ ಮಗಳು ಎರಡು ಸಲ ಹತ್ತಿ ಬಂದಿದ್ದಳು. ಮೂರನೆಯ ಸಲ ಹೊರಟವಳು ತಲುಪಿರಲಿಲ್ಲ. ಮುದುಕಿ ಒಳಗೆ ಹೋಗಿ ಒಲೆಯ ಮೇಲಿದ್ದ ಮಡಕೆ ಇಳಿಸಿ ಒಂದು ಗುಂಡು ಕಿತ್ತಳು. ಸೊಸೆ ಬಾಯಿ ಬಡಿದುಕೊಂಡಾಗ ಇಷ್ಟೇ ಅಂದಳಂತೆ:

“ಈ ಮನೆ ಭಾಗ್ಯ ಒಲೆಗುಂಡಲ್ಲಿ ಇರ್ಲಿಲ್ಲ ಕಣವ್ವಾ. ಘಟ್ಟದ ಕೆಳಗಿತ್ತು.”

ಆ ಮಾತು ಹಿತ್ತಲಿಂದ ಹಿತ್ತಲಿಗೆ ಹೋಯಿತು. ಗಂಡಸರೆಲ್ಲ ಹೊಲದಲ್ಲಿದ್ದರು. ಮಗಳನ್ನು ಕೆಳಗೆ ಕೊಡದ ಮನೆ ಆ ಊರಲ್ಲಿ ಯಾವುದಿತ್ತು? ಹೆಂಗಸರು ಸೆರಗಿನ ಮರೆಯಲ್ಲಿ ಒಂದೊಂದು ಗುಂಡು ತಂದರು. ಅಂದು ಸಂಜೆ ಊರಿನ ಮಡಕೆಗಳೆಲ್ಲ ವಾಲಿಕೊಂಡು ಕೂತಿದ್ದವಂತೆ, ಮುದ್ದೆಯೆಲ್ಲ ಅರೆಬೆಂದದ್ದು. ಗೌಡ ಒಂದು ತುತ್ತು ನುಂಗಿದ, ಒಲೆ ನೋಡಿದ, ತಾಯಿಯ ಮುಖ ನೋಡಿದ, ಇನ್ನೊಂದು ತುತ್ತು ನುಂಗಿದ. ಮಾರನೆಯ ಬೆಳಿಗ್ಗೆ ಒಂದು ಹೊರೆ ಒಣಸೌದೆ ಹೊತ್ತು ಘಟ್ಟದ ತಲೆಗೆ ಹೋದವನು ಅವನೇ.

ಈ ಸಲ ಮಂಚವ್ವ ಅವಸರಪಡಲಿಲ್ಲ. ಮೂಡಗಾಳಿಗೆ ಬೆನ್ನು ಕೊಟ್ಟು ಗುಡ್ಡದ ಒಣಕಲ್ಲಿನಿಂದ ಮೂರು ಕಡೆ ಗೋಡೆ ಎಬ್ಬಿಸಿದಳು. ಬೆಂಕಿ ತಾಗುವ ಒಳಮೈಗೆಲ್ಲ ಒಲೆಗುಂಡು ಕೂರಿಸಿದಳು. ಹುತ್ತದ ಮಣ್ಣಿಗೆ ಹೊಟ್ಟು ಕಲಸಿ ಮೆತ್ತಿದಳು. ಹೊಗೆ ಏರಲು ಮೇಲೊಂದು ಗೂಡು, ಕೂರಲು ಎರಡು ಪಕ್ಕ ಜಗಲಿ. ಏಳು ದಿನ ಬರೀ ಹಿಡಿ ಕಡ್ಡಿಯ ಬೆಂಕಿ ಹಾಕಿ ಒಣಗಿಸಿದಳು. ಎಂಟನೆಯ ದಿನ ದೊಡ್ಡ ಬೆಂಕಿ ಹಾಕಿದಳು, ಕಲ್ಲು ಸಿಡಿಯಲಿಲ್ಲ, ಬೆಂಕಿ ಗಾಳಿಗೆ ಆರದೆ ನಿಂತಿತು.

ಆದರೆ ಅಮಾವಾಸ್ಯೆಯ ಹೊತ್ತಿಗೆ ಅವಳ ಕಣ್ಣು ಕೀವಾಗಿ ಜ್ವರ ಏರಿತು. ಹೊನ್ನಿ ಬರಬೇಕಾದ ದಿನ ಮಂಚವ್ವ ಏಳಲಾರದೆ ಮಲಗಿದ್ದಳು. ಹೊರಗೆ ಕೈಗೆ ಕೈ ಕಾಣದ ಮಂಜು. ಊರ ಹೆಂಗಸರು ಸರದಿಯಲ್ಲಿ ಬೆಂಕಿಗೆ ಸೌದೆ ಇಡುತ್ತಿದ್ದಾರೆ ಎಂದು ಯಾರೋ ಬಂದು ಹೇಳಿದರು. ಅವಳು ಬಾಗಿಲ ಕಡೆಗೇ ಮುಖ ಮಾಡಿಕೊಂಡಿದ್ದಳು. ಹೊತ್ತು ಮುಳುಗಿದ ಮೇಲೆ ಬಾಗಿಲಲ್ಲಿ ಯಾರೋ ನಿಂತ ಹಾಗಾಯಿತು. ಜ್ವರದ ಕಣ್ಣಿಗೆ ಮುಖ ತಿಳಿಯಲಿಲ್ಲ. ಯಾರು ಎಂದು ಕೇಳಲು ಅವಳಿಗೆ ಧೈರ್ಯ ಬರಲಿಲ್ಲ. ಕೈ ಚಾಚಿದಳು. ಬಂದವಳು ಎರಡೂ ಕೈ ಕೊಟ್ಟಳು. ಬೆಚ್ಚಗಿದ್ದವು. ಮಂಚವ್ವ ಆ ಕೈಗಳನ್ನು ಮುಖಕ್ಕೆ ಒತ್ತಿಕೊಂಡು ಗೋಳೋ ಎಂದು ಅತ್ತಳು.

ಮಂಜಿನಲ್ಲಿ ಹೊನ್ನಿಗೆ ಕೆಂಪು ಸೀರೆಯವಳೊಬ್ಬಳು ದಾರಿ ತೋರಿಸಿದಳು, ಅವಳು ಹಳ್ಳದ ಅಮ್ಮನೇ ಎನ್ನುವವರಿದ್ದಾರೆ. ಬೆಂಕಿಯ ಕೆಂಪು ಕಂಡಿರಬೇಕು ಎನ್ನುವವರೂ ಇದ್ದಾರೆ. ನಾನು ಎರಡಕ್ಕೂ ಹೂಂ ಅನ್ನುತ್ತೇನೆ.

ಆ ಒಲೆ ಇಂದಿಗೂ ಇದೆ. ಚಳಿಗಾಲದಲ್ಲಿ ಒಂದು ಕಡ್ಡಿಯಾದರೂ ಹಾಕದೆ ಯಾರೂ ಅದನ್ನು ದಾಟುವುದಿಲ್ಲ. ಗಾಳಿಮಟ್ಟಿಯಲ್ಲಿ ಈಗ ಗ್ಯಾಸಿನ ಒಲೆ ಬಂದಿದೆ. ಆದರೂ ಮಗಳ ಮದುವೆಯೆಂದರೆ ಹಿತ್ತಲಲ್ಲಿ ಮೂರು ಗುಂಡು ಹೂಡಿ ನೀರು ಕಾಯಿಸುತ್ತಾರೆ, ಮಗಳನ್ನು ಕಳಿಸಿದ ಮೇಲೆ ಅದರಲ್ಲೊಂದನ್ನು ಹೊತ್ತು ತಂದು ಮಂಚವ್ವನ ಒಲೆಯ ಪಕ್ಕ ಇಡುತ್ತಾರೆ. ಆ ಮಗಳು ತವರಿಗೆ ಬರುವಾಗ ಮೊದಲು ಅಲ್ಲಿ ಕೂರಬೇಕು. ಆಮೇಲೆ ಮನೆಯ ಬಾಗಿಲಿಗೆ ಬಂದು ನಿಂತರೆ ತಾಯಿ ಯಾವಾಗ ಬಂದೆ, ಹೇಗಿದ್ದೀಯೆ ಎಂದು ಏನೂ ಕೇಳುವುದಿಲ್ಲ. ಸುಮ್ಮನೆ ಕೈ ಚಾಚುತ್ತಾಳೆ.